ಚಂದ್ರ ದಿನಾ ಎಷ್ಟು ಜರುಗುತ್ತಾನೆ? ತಾರಸಿಯಿಂದಲೇ ಅಳೆಯಿರಿ

ಟೆಲಿಸ್ಕೋಪ್ ಬೇಡ. ಮೈಸೂರಿನ ನಿಮ್ಮ ಮನೆ ತಾರಸಿ, ಒಂದು ನೋಟ್‌ಬುಕ್ ಸಾಕು. ಅಮಾವಾಸ್ಯೆ ಕಳೆದ ಮೂರನೇ ದಿನ ಶುರು ಮಾಡಿ. ದಿನಾ ಸಂಜೆ ಏಳಕ್ಕೆ ಅದೇ ಜಾಗದಲ್ಲಿ ನಿಂತು, ಪಕ್ಕದ ತೆಂಗಿನ ಮರವನ್ನೋ ನೀರಿನ ಟ್ಯಾಂಕನ್ನೋ ಗುರುತಿಟ್ಟುಕೊಂಡು, ಚಂದ್ರ ಎಲ್ಲಿದ್ದಾನೆ ಅಂತ ಬರೆದಿಡಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ. ಚಂದ್ರ ದಿನಕ್ಕೆ 13 ಡಿಗ್ರಿಯಷ್ಟು ಪೂರ್ವಕ್ಕೆ ಜರುಗುತ್ತಾನೆ, ಮುಷ್ಟಿಗಿಂತ ಸ್ವಲ್ಪ ಜಾಸ್ತಿ. ಪಂಚಾಂಗದ 27 ನಕ್ಷತ್ರಗಳ ಲೆಕ್ಕವೂ ಇದೇ ಅಲ್ವಾ, 360 ಡಿಗ್ರಿಯ ಸುತ್ತನ್ನು 27 ಭಾಗ ಮಾಡಿದರೆ ಒಂದಕ್ಕೆ 13 ಡಿಗ್ರಿ ಚಿಲ್ಲರೆ! ಡಿಸೆಂಬರ್‌ನಲ್ಲಿ ಒಂಟಿಕೊಪ್ಪಲ್ ಪಂಚಾಂಗ ತೆಗೆದು, ರೋಹಿಣಿ ನಕ್ಷತ್ರ ಇರುವ ರಾತ್ರಿ ಚಂದ್ರನ ಆಸುಪಾಸು ಕೆಂಪು ಚುಕ್ಕಿ ಹುಡುಕಿ, ಅದೇ ರೋಹಿಣಿ. ಸಿಕ್ಕಾಗ ಆಗುವ ಖುಷಿಯೇ ಬೇರೆ. ಹೆಚ್ಚು ಮಿನುಗದ ಹೊಳೆಯುವ ಚುಕ್ಕಿ ಸಾಮಾನ್ಯವಾಗಿ ಗ್ರಹ. ಗುರು, ಶನಿ ನಿಧಾನ, ವಾರಗಟ್ಟಲೆ ನೋಡಬೇಕು.