20×30 ಸೈಟಿನ ಮನೆ: ದುಡ್ಡು ಗೋಡೆಗಲ್ಲ, ತಾರಸಿಗೆ

ಬೆಂಗಳೂರಿನಲ್ಲಿ 20×30 ಸೈಟಿಗೆ ಮನೆ ಕಟ್ಟಿಸುವವರು ಮೊದಲು ಕೇಳುವುದು, ಯಾವ ಇಟ್ಟಿಗೆ ಹಾಕಿದರೆ ಮನೆ ತಂಪಾಗಿರುತ್ತದೆ ಎಂದು. ಪೂರ್ವಕ್ಕೆ ರಸ್ತೆ, ಎರಡೂ ಪಕ್ಕ ಮನೆಗಳು ಇರುವ ಸೈಟಿನಲ್ಲಿ ಈ ಪ್ರಶ್ನೆಯಿಂದ ಅಷ್ಟು ಲಾಭವಿಲ್ಲ. ಉತ್ತರ, ದಕ್ಷಿಣದ ಉದ್ದ ಗೋಡೆಗಳಿಗೆ ಪಕ್ಕದ ಮನೆಯ ನೆರಳು ಪುಕ್ಕಟೆ ಸಿಗುತ್ತದೆ. ಬಿಸಿಲಿನ ಹೊಡೆತ ಬೀಳುವುದು ತಾರಸಿಗೆ, ಮಧ್ಯಾಹ್ನದ ಮೇಲೆ ಪಶ್ಚಿಮದ ಗೋಡೆಗೆ. ಊರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೆಕೆ ಹೆಚ್ಚಿರುವ ಏಪ್ರಿಲ್ ಕೊನೆಯ ವಾರದಲ್ಲೇ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅದಕ್ಕೇ ಇಂಥ ಸೈಟುಗಳಲ್ಲಿ ನಾನು ಗೋಡೆಯಲ್ಲಿ ಉಳಿಸಿ ತಾರಸಿಗೆ ಹಾಕುವುದು.

ಪ್ಲಾನ್ ಹೀಗೆ. ಮುಂದೆ 3, ಹಿಂದೆ 3, ಉತ್ತರಕ್ಕೆ 3 ಅಡಿ ಬಿಟ್ಟರೆ ಉಳಿಯುವುದು 17×24, ಅಂದರೆ ಒಂದು ಅಂತಸ್ತಿಗೆ ನಾಲ್ಕು ಚದರ (ಒಂದು ಚದರ ಎಂದರೆ 100 ಚದರಡಿ) ಚಿಲ್ಲರೆ. (ಸೆಟ್‌ಬ್ಯಾಕ್ ನಿಯಮ ಸೈಟಿನ ಅಳತೆ ಮತ್ತು ಊರಿನ ಮೇಲೆ ಬದಲಾಗುತ್ತದೆ; ಗೆರೆ ಎಳೆಯುವ ಮೊದಲೇ ಪಾಲಿಕೆಯಲ್ಲಿ ವಿಚಾರಿಸಿ.) ಮೆಟ್ಟಿಲು ಮತ್ತು ಬಚ್ಚಲನ್ನು ಪಶ್ಚಿಮದ ಗೋಡೆಗೆ ಒತ್ತಿ ಸಾಲಾಗಿ ಇಡುತ್ತೇನೆ. 10 ಅಡಿ ಅಂತಸ್ತಿಗೆ ಸುಮಾರು 7 ಇಂಚು ಎತ್ತರದ 17 ಹೆಜ್ಜೆ, 10 ಇಂಚಿನ ತುಳಿ (ಕಾಲಿಡುವ ಜಾಗ). ಎರಡು ಮಡಿಕೆಯ ಮೆಟ್ಟಿಲಿಗೆ 9 ಅಡಿ 8 ಇಂಚು ಉದ್ದ, 6 ಅಡಿ 6 ಇಂಚು ಅಗಲ ಸಾಕು. ಪಶ್ಚಿಮದ 17 ಅಡಿಯಲ್ಲಿ ಮೆಟ್ಟಿಲಿನ ಉದ್ದ, 8 ಇಂಚಿನ ಎರಡು ಹೊರಗೋಡೆ, 4 ಇಂಚಿನ ಒಳಗೋಡೆ ಕಳೆದರೆ ಬಚ್ಚಲಿಗೆ 5 ಅಡಿ 8 ಇಂಚು ಉಳಿಯುತ್ತದೆ. ಇವೆರಡೂ ಸೇರಿ ಸಂಜೆಯ ಬಿಸಿಲನ್ನು ತಾವೇ ಕುಡಿದು, ವಾಸದ ಕೋಣೆಗಳಿಗೆ ತಲುಪದಂತೆ ನೋಡಿಕೊಳ್ಳುತ್ತವೆ. ಮೆಟ್ಟಿಲು ನೈಋತ್ಯಕ್ಕೆ, ಬಚ್ಚಲು ವಾಯವ್ಯಕ್ಕೆ ಬರುವುದರಿಂದ ವಾಸ್ತುವಿನವರ ತಕರಾರೂ ಸಾಮಾನ್ಯವಾಗಿ ಇರುವುದಿಲ್ಲ. ಅವರು ನೈಋತ್ಯದಲ್ಲಿ ಮಲಗುವ ಕೋಣೆಯೇ ಬೇಕೆಂದು ಹಟ ಹಿಡಿದರೆ ಮನೆಯಲ್ಲೇ ಅತಿ ಬಿಸಿಯಾದ ಮೂಲೆ ಅದು ಎಂದು ಹೇಳಿ. ಆದರೂ ಬೇಕೆಂದರೆ ಪಶ್ಚಿಮದ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್ ಕೊಡಿ. ಮುಂದಿನ ಭಾಗದಲ್ಲಿ ಕೆಳಗೆ ಹಾಲ್, ಅಡುಗೆಮನೆ. ಮೇಲೆ ಒಂದು ದೊಡ್ಡ ಕೋಣೆ, ಒಂದು ಚಿಕ್ಕ ಕೋಣೆ.

ಇಲ್ಲೊಂದು ಇಕ್ಕಟ್ಟಿದೆ. ಬಿಸಿಲು ಬರುವ ಪಶ್ಚಿಮದಿಂದಲೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೂ ಬರುತ್ತದೆ. ಪೂರ್ತಿ ಮುಚ್ಚಿದರೆ ಮನೆಗೆ ಉಸಿರಿಲ್ಲ. ಹಾಗಾಗಿ ಮೆಟ್ಟಿಲಿನ ಪಶ್ಚಿಮ ಗೋಡೆಯನ್ನು ಮಧ್ಯದ ಲ್ಯಾಂಡಿಂಗ್‌ನಿಂದ ಮೇಲಕ್ಕೆ 8×8 ಇಂಚಿನ, ತೂತುಗಳಿರುವ ಮಣ್ಣಿನ ಜಾಲಿ ಬ್ಲಾಕಿನಲ್ಲಿ ಕಟ್ಟಿಸುತ್ತೇನೆ. ಮಳೆಯ ಎರಚಲು ಒಳಗೆ ಬಂದೇ ಬರುತ್ತದೆ: ಲ್ಯಾಂಡಿಂಗ್ ನೆಲಕ್ಕೆ ಹೊರಗಡೆ ಇಳಿಜಾರು ಇರಲಿ, ಜಾಲಿಯ ಬುಡದಲ್ಲಿ 1 ಇಂಚಿನ ಪೈಪಿನ ತುಂಡು ನೀರು ಹೋಗಲು ಇರಲಿ, ಪಾಲಿಶ್ ಗ್ರಾನೈಟ್ ಬೇಡ. ಒಳಗಿನಿಂದ ಬಿಚ್ಚಿ ತೊಳೆಯಬಹುದಾದ ಚೌಕಟ್ಟಿನಲ್ಲಿ ಸೊಳ್ಳೆ ಪರದೆ ಹಾಕಿ. ಮೇಲೆ ಹೆಡ್‌ರೂಮಿನ (ಮೆಟ್ಟಿಲು ತಾರಸಿಗೆ ತಲುಪುವಲ್ಲಿನ ಕೋಣೆ) ಪೂರ್ವ ಗೋಡೆಯಲ್ಲಿ, ಛಾವಣಿಗೆ ಅಂಟಿದಂತೆ, 5 ಅಡಿ ಅಗಲ 2 ಅಡಿ ಎತ್ತರದ ಲೂವರ್ (ಓರೆ ಪಟ್ಟಿಗಳ ಗಾಳಿಕಿಂಡಿ). ಗಾಳಿ ಪಶ್ಚಿಮದಿಂದ ಬೀಸುವಾಗ ಅದು ಮರೆಯಲ್ಲಿರುವುದರಿಂದ ಒಳಗಿನ ಬಿಸಿಗಾಳಿಯನ್ನು ಹೊರಕ್ಕೆ ಎಳೆದುಕೊಳ್ಳುತ್ತದೆ. ಕೋಣೆಯ ಬಾಗಿಲುಗಳ ಮೇಲೆ 1 ಅಡಿಯ ವೆಂಟಿಲೇಟರ್ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ದಂಡ. ಬಾಗಿಲು ಹಾಕಿದ ರಾತ್ರಿ ಗಾಳಿಗೆ ದಾರಿಯೇ ಇರುವುದಿಲ್ಲ.

ಕಿಟಕಿಯಲ್ಲಿ ಲೆಕ್ಕ ತಪ್ಪುವುದು ಸ್ಲೈಡಿಂಗ್‌ನಿಂದ. ಕೇಂದ್ರದ ಇಕೋ ನಿವಾಸ್ ಸಂಹಿತಾ (ಮನೆಗಳ ಇಂಧನ ಉಳಿತಾಯದ ಸಂಹಿತೆ, 2018) ಬೆಂಗಳೂರು ಸೇರುವ ಸಮಶೀತೋಷ್ಣ ವಲಯಕ್ಕೆ ನೆಲದ ವಿಸ್ತೀರ್ಣದ ಶೇ. 12.5ರಷ್ಟು ತೆರೆಯುವ ಜಾಗ ಕೇಳುತ್ತದೆ. ಸುಮಾರು 248 ಚದರಡಿಯ ಹಾಲ್-ಅಡುಗೆಮನೆಗೆ 31 ಚದರಡಿ. ಪೂರ್ತಿ ತೆರೆಯುವ 4×4 ಕಿಟಕಿ ಎರಡಿದ್ದರೆ ಮುಗಿಯಿತು. ಸ್ಲೈಡಿಂಗ್ ಆದರೆ ಅರ್ಧವೇ ತೆರೆಯುವುದರಿಂದ ನಾಲ್ಕು ಬೇಕು; ಅಷ್ಟು ಗೋಡೆ ಈ ಮನೆಯಲ್ಲಿಲ್ಲ. ಒಂದನ್ನು ಪೂರ್ವಕ್ಕೆ, ಒಂದನ್ನು ಉತ್ತರದ ಓಣಿಗೆ ಇಡಿ. ಉತ್ತರಕ್ಕೆ 1 ಅಡಿ ಸಜ್ಜ ಸಾಕು. ಪೂರ್ವದ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜ ತಡೆಯುವುದು ಅಷ್ಟಕ್ಕಷ್ಟೆ; ಬಾಲ್ಕನಿ ಅಥವಾ ಬಿದಿರಿನ ತಟ್ಟಿ ಬೇಕು.

ಗೋಡೆಗೆ ಸುತ್ತಲೂ 8 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್. ಗಟ್ಟಿ ಕೆಂಪು ಮಣ್ಣು ಸಿಕ್ಕಿ, ಎರಡೇ ಅಂತಸ್ತು ಎಂದು ಖಚಿತವಿದ್ದರೆ ಪಿಲ್ಲರ್ ಇಲ್ಲದೆ ಸೈಜುಗಲ್ಲಿನ ಪಾಯ, ಪ್ಲಿಂತ್ ಬೀಮ್, ಸುತ್ತ ಬರುವ ಲಿಂಟಲ್‌ನಲ್ಲೇ ಕಟ್ಟಬಹುದು. ಕಬ್ಬಿಣದ ಉಳಿತಾಯ ಅಲ್ಲಿದೆ. ಮುಂದೆ ಇನ್ನೆರಡು ಅಂತಸ್ತು ಏರಿಸಿ ಬಾಡಿಗೆಗೆ ಕೊಡುವ ಆಸೆ ಮನಸ್ಸಿನ ಮೂಲೆಯಲ್ಲಿದ್ದರೂ ಪಿಲ್ಲರ್ ಹಾಕಿಯೇ ಶುರು ಮಾಡಿ. ಒತ್ತಿದ ಮಣ್ಣಿನ ಬ್ಲಾಕ್ ಒಳ್ಳೆಯದೇ, ಆದರೆ 600 ಚದರಡಿ ಸೈಟಿನಲ್ಲಿ ಅದನ್ನು ಒತ್ತಿ, ಪೇರಿಸಿ, ವಾರಗಟ್ಟಲೆ ಕ್ಯೂರಿಂಗ್ ಮಾಡಲು ಜಾಗವಿಲ್ಲ. ಒಂದು ಗೋಡೆ ಅದು, ಇನ್ನೊಂದು ಇದು ಎಂದು ಬೆರೆಸಿದರೆ ಸೇರುವ ಮೂಲೆಯಲ್ಲಿ ಬಿರುಕು ಬಿಡುತ್ತದೆ.

ದಕ್ಷಿಣದ ಗೋಡೆಯ ಬಗ್ಗೆ ಮೇಸ್ತ್ರಿಗೆ ಒತ್ತಿ ಹೇಳಬೇಕಾದದ್ದೊಂದಿದೆ. ಪಕ್ಕದ ಮನೆಗೂ ನಮ್ಮ ಗೋಡೆಗೂ ನಡುವೆ ಉಳಿಯುವ ಎರಡು ಮೂರು ಇಂಚಿನ ಸಂದಿಗೆ ಆಮೇಲೆ ಕೈ ಹೋಗುವುದಿಲ್ಲ. ಗೋಡೆ ಏರುತ್ತಿದ್ದಂತೆಯೇ ಹೊರಮೈಯ ಬ್ಲಾಕುಗಳ ನಡುವಿನ ಸಂದುಗಳನ್ನು ಗಾರೆಯಿಂದ ತುಂಬಿ ತಿಕ್ಕಿಸಿ. ಕೊನೆಗೆ ಸಂದಿಯ ಬಾಯನ್ನು ಬಗ್ಗಿಸಿದ ಜಿಐ ಶೀಟಿನಿಂದ ಮುಚ್ಚಿ, ನಮ್ಮ ಪ್ಯಾರಪೆಟ್‌ಗೆ ಸಿಕ್ಕಿಸಿ. ಇದನ್ನು ಬಿಟ್ಟರೆ ಮಳೆನೀರು ಸಂದಿಯಲ್ಲಿ ಇಳಿದು ಹಾಲಿನ ಗೋಡೆ ಪ್ರತಿ ವರ್ಷ ಬೂಸ್ಟು ಹಿಡಿಯುತ್ತದೆ. ಒಳಗೆ ಎಷ್ಟು ಪೇಂಟ್ ಬಳಿದರೂ ನಿಲ್ಲುವುದಿಲ್ಲ.

ನಡುವಿನ ಮೋಲ್ಡ್‌ಗೆ (ಎರಡು ಅಂತಸ್ತಿನ ನಡುವಿನ ಸ್ಲ್ಯಾಬ್) ಮಂಗಳೂರು ಹಂಚಿನ ಫಿಲ್ಲರ್ ಸ್ಲ್ಯಾಬ್, ಅಂದರೆ ಕಾಂಕ್ರೀಟಿನ ಸ್ವಲ್ಪ ಭಾಗದ ಬದಲು ಹಂಚು ಹೂತದ್ದು, ಮಾಡಿದರೆ ಕಾಂಕ್ರೀಟ್ ಉಳಿಯುತ್ತದೆ. ಹಂಚನ್ನು ನೀರಿನಲ್ಲಿ ನೆನೆಸಿಯೇ ಇಡಬೇಕು, ಒಣಹಂಚು ಕಾಂಕ್ರೀಟಿನ ನೀರು ಹೀರುತ್ತದೆ. ವೈರಿಂಗ್ ಪೈಪು, ಫ್ಯಾನ್ ಹುಕ್ ಹಂಚಿನ ನಡುವಿನ ಪಟ್ಟಿಯಲ್ಲೇ ಬರುವಂತೆ ಮೊದಲೇ ಗುರುತು ಹಾಕಿ.

ಈಗ ತಾರಸಿ. ಬರೀ 5 ಇಂಚಿನ ಸ್ಲ್ಯಾಬಿನ ಯು-ಮೌಲ್ಯ (ಶಾಖ ಎಷ್ಟು ದಾಟುತ್ತದೆ ಎಂಬ ಅಳತೆ; ಕಡಿಮೆಯಿದ್ದಷ್ಟೂ ಒಳ್ಳೆಯದು) ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 3.5 ವ್ಯಾಟ್‌ನ ಆಸುಪಾಸು. ಮೇಲೆ ಹೇಳಿದ ಸಂಹಿತೆಯ ಮಿತಿ 1.2. ಸ್ಲ್ಯಾಬಿನ ಮೇಲೆ 25 ಮಿ.ಮೀ. ಎಕ್ಸ್‌ಪಿಎಸ್ ಬೋರ್ಡ್ (ಶಾಖ ತಡೆಯುವ ಗಟ್ಟಿ ಫೋಮ್ ಹಲಗೆ) ಹಾಕಿದರೆ ಅದು ಸುಮಾರು 0.9ಕ್ಕೆ, 50 ಮಿ.ಮೀ. ಹಾಕಿದರೆ 0.5ಕ್ಕೆ ಇಳಿಯುತ್ತದೆ. ಮೊದಲ ಒಂದು ಇಂಚಿನಲ್ಲೇ ಲಾಭದ ಬಹುಪಾಲು ಸಿಕ್ಕಿರುತ್ತದೆ. ಬಜೆಟ್ ಬಿಗಿಯಿದ್ದರೆ ಅಲ್ಲಿಗೇ ನಿಲ್ಲಿಸಿ.

ಪದರಗಳ ಕ್ರಮ ತಪ್ಪಬಾರದು. ಸ್ಲ್ಯಾಬಿನ ಮೇಲೆ ಇಳಿಜಾರು (8 ಅಡಿಗೆ 1 ಇಂಚು), ಪ್ಯಾರಪೆಟ್ ಬುಡದ ಮೂಲೆಗೆ ಗಾರೆಯಿಂದ ಗೋಲ, ಆಮೇಲೆ ವಾಟರ್‌ಪ್ರೂಫಿಂಗ್. ಅದನ್ನು ಗೋಡೆಗೆ 1 ಅಡಿ ಹತ್ತಿಸಿ. ನೀರು ಕಟ್ಟಿ 48 ಗಂಟೆ ಬಿಟ್ಟು ಕೆಳಗಿನಿಂದ ನೋಡಿ. ಈ ಹಂತ ದಾಟಿದ ಮೇಲೆ ಸೋರುವ ಜಾಗ ಹುಡುಕುವುದು ನರಕ. ನಂತರ ಬೋರ್ಡ್, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೋಳಿಬಲೆ ಹಾಕಿದ 2 ಇಂಚಿನ ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ ಚೂರು. ಕಾಂಕ್ರೀಟನ್ನು ಸುಮಾರು 8 ಅಡಿಯ ಚೌಕಗಳಾಗಿ ಬಿಡಿಸಿ ಸಂದಿಗೆ ಸೀಲೆಂಟ್ ತುಂಬದಿದ್ದರೆ ಮೊದಲ ಬೇಸಿಗೆಯಲ್ಲೇ ಸೀಳುತ್ತದೆ. ಬೋರ್ಡಿನ ಬದಲು ಅಗ್ಗದ ಥರ್ಮೋಕೋಲ್ ಹಾಕಬೇಡಿ, ಅದು ಭಾರಕ್ಕೆ ಕುಗ್ಗುತ್ತದೆ, ನೀರನ್ನೂ ಹೀರುತ್ತದೆ. ಒಳಗಿನಿಂದ ಫಾಲ್ಸ್ ಸೀಲಿಂಗ್ ಹಾಕಿಸಿ ತಂಪು ಮಾಡುತ್ತೇವೆಂಬುದೂ ಸರಿಯಲ್ಲ: ಸ್ಲ್ಯಾಬ್ ಕಾಯುವುದು ಕಾಯುತ್ತಲೇ ಇರುತ್ತದೆ, ಹಿಗ್ಗಿ ಕುಗ್ಗಿ ಗೋಡೆ ಸೇರುವಲ್ಲಿ ಅಡ್ಡ ಬಿರುಕು ಬರುತ್ತದೆ. ಬಿಳಿ ಮೇಲ್ಮೈ ಧೂಳು, ಪಾಚಿಯಿಂದ ಮಂಕಾಗುತ್ತದೆ. ಫೆಬ್ರುವರಿಯಲ್ಲಿ ಒಮ್ಮೆ ಉಜ್ಜಿ ತೊಳೆಯಿರಿ.

ಸೋಲಾರ್ ಪ್ಯಾನಲ್ ಆಮೇಲೆ ಹಾಕುತ್ತೇವೆ ಎಂದರೂ ಅದರ ಬುಡ ಈಗಲೇ ಕೂರಬೇಕು. ಬೀಮಿನ ಅಥವಾ ಗೋಡೆಯ ನೇರಕ್ಕೆ ಕಾಂಕ್ರೀಟ್ ಪೀಠ ಎರೆದು ಬೋಲ್ಟ್ ಹೂತು, ಪೀಠದ ಸುತ್ತ ವಾಟರ್‌ಪ್ರೂಫಿಂಗ್ ಹತ್ತಿಸಿ. ಮುಗಿದ ತಾರಸಿಗೆ ಡ್ರಿಲ್ ಹಾಕಿದರೆ ಮಾಡಿದ್ದೆಲ್ಲ ನೀರಿಗೆ ಹೋದಂತೆ. ಕಿಲೋವ್ಯಾಟಿಗೆ ಸುಮಾರು ಒಂದು ಚದರ ಜಾಗ ಬೇಕು. ಹೆಡ್‌ರೂಮ್, ಟ್ಯಾಂಕ್ ಕಳೆದ ಈ ತಾರಸಿಗೆ 2 ಕಿಲೋವ್ಯಾಟ್ ಹಿಡಿಸುತ್ತದೆ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಅಷ್ಟಕ್ಕೆ 60,000 ರೂಪಾಯಿ ಸಹಾಯಧನವಿದೆ. ಚೌಕಟ್ಟನ್ನು 7 ಅಡಿ ಎತ್ತರಕ್ಕೆ ಏರಿಸಿದರೆ 8 ಅಡಿಯ ಹೆಡ್‌ರೂಮಿನ ನೆರಳು ಬಹುತೇಕ ತಾಗುವುದಿಲ್ಲ, ಕೆಳಗೆ ಬಟ್ಟೆ ಒಣಹಾಕಬಹುದು, ತಾರಸಿಗೂ ನೆರಳು. ನೀರಿನ ಟ್ಯಾಂಕನ್ನು ಮಾತ್ರ ಹೆಡ್‌ರೂಮಿನ ನೆತ್ತಿಗೆ ಏರಿಸಬೇಡಿ. ವಾಯವ್ಯದಲ್ಲಿ, ಬಚ್ಚಲಿನ ಮೇಲೆಯೇ 3 ಅಡಿ ಸ್ಟ್ಯಾಂಡಿನಲ್ಲಿಡಿ. ಮೇಲಿನ ಅಂತಸ್ತಿನ ಷವರಿಗೆ ಒತ್ತಡ ಸಾಲಲೆಂದು ಕೆಳಗಿಳಿಯುವ ಪೈಪನ್ನು 1¼ ಇಂಚಿನದು ಹಾಕಿಸಿ.