ಟ್ರೇನ್ ಓಡಿಸೋ ಗೇಮಲ್ಲಿ ಹೈಸ್ಪೀಡ್ ರೂಟ್ ಬೋರ್ ಅನ್ನೋರಿಗೆ: ಎಎಫ್‌ಬಿ ಆಫ್ ಮಾಡಿದ್ಮೇಲೆ ನನ್ನ ಅನುಭವ

"ಹೈಸ್ಪೀಡ್ ರೂಟ್ ತಗೊಂಡ್ರೆ ದುಡ್ಡು ದಂಡ, ಲಿವರ್ ಒಂದ್ಸಲ ತಳ್ಳಿ ಅರ್ಧ ಗಂಟೆ ಸ್ಕ್ರೀನ್ ನೋಡ್ತಾ ಕೂರೋದು ಅಷ್ಟೇ, ಮಜಾ ಏನಿದ್ರೂ ಬ್ರ್ಯಾಂಚ್ ಲೈನಲ್ಲಿ, ಗೂಡ್ಸಲ್ಲಿ" ಅಂತ ಜೊತೆಗೆ ಆಡೋರೆಲ್ಲಾ ಹೇಳ್ತಾನೇ ಬಂದ್ರು. ನಾನು ಮಾಡ್ತಿರೋದನ್ನ ಹೇಳಿದಾಗ್ಲೂ ನಕ್ಕರು. ಈಗ ಅವರಲ್ಲೇ ಇಬ್ಬರು ನನ್ನ ಟೈಮಿಂಗ್ ಶೀಟ್ ಕೊಡು ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯ್ತು ಅಂತ ಹೇಳ್ಬಿಡ್ತೀನಿ. ಬೋರ್ ಆದಾಗಲೆಲ್ಲಾ ಹೊಸ ರೂಟ್ ತಗೊಂಡೆ, ಸೇಲ್ ಇಲ್ದಾಗ ತಗೊಂಡಿದ್ದೇ ಜಾಸ್ತಿ. ಮೂರ್ನಾಲ್ಕು ರೂಟ್ ಆಗೋಷ್ಟರಲ್ಲಿ ಮೂಲ ಗೇಮಿಗಿಂತ ಜಾಸ್ತಿ ಸುರಿದಿದ್ದೆ, ಪ್ರತಿಯೊಂದೂ ಒಂದು ವಾರಕ್ಕೆ ಹಳೇದಾಯ್ತು. ಆಮೇಲೆ ಲಿವರ್ ಇರೋ ಕಂಟ್ರೋಲರ್, ಎಲ್ಲಕ್ಕಿಂತ ದುಬಾರಿ ಅದೇ. ಎಎಫ್‌ಬಿ (ಸ್ಪೀಡನ್ನ ತಾನೇ ನೋಡ್ಕೊಳ್ಳೋ ಸಿಸ್ಟಂ) ಆನ್ ಇರೋ ಐಸಿಇಗೆ, ಅಂದ್ರೆ ಜರ್ಮನಿಯ ಹೈಸ್ಪೀಡ್ ರೈಲಿಗೆ, ಅದನ್ನ ಇಡೀ ಟ್ರಿಪ್ಪಲ್ಲಿ ಎರಡು ಸಲ ಮುಟ್ಟಿದ್ರೆ ಹೆಚ್ಚು, ಕೊನೆಗೆ ಸುಮಾರು ಅರ್ಧ ರೇಟಿಗೆ ಮಾರ್ದೆ. ಮಳೆ, ರಾತ್ರಿ, ಮಂಜು ಎಲ್ಲಾ ಹಾಕಿ ನೋಡ್ದೆ. ನೋಡಕ್ಕೆ ಚೆನ್ನಾಗಿತ್ತು, ಆದ್ರೆ ಎಲ್‌ಝಡ್‌ಬಿ (ಎಷ್ಟು ಸ್ಪೀಡಲ್ಲಿ ಹೋಗ್ಬಹುದು ಅಂತ ಹೇಳೋ ಸಿಗ್ನಲ್ ಸಿಸ್ಟಂ) ಇರೋ ಲೈನಲ್ಲಿ ಮಾಹಿತಿ ಎಲ್ಲಾ ಹಳಿ ಮಧ್ಯದ ಕೇಬಲ್ಲಿಂದ ಕ್ಯಾಬ್ ಒಳಗೇ ಬರುತ್ತೆ, ಹೊರಗೆ ಕಾಣ್ಸಿದ್ರೇನು ಬಿಟ್ರೇನು, ಮಂಜಲ್ಲೂ ಗಂಟೆಗೆ ಅದೇ 250 ಕಿಮೀ. ಫಾಲ್ಟ್ ಹಾಕೋ ಒಂದು ಆಡ್-ಆನ್ ಕೂಡ ತಗೊಂಡಿದ್ದೆ, ಅದಂತೂ ಶುದ್ಧ ತಲೆನೋವು, ಗಾಡಿ ನಡುದಾರೀಲಿ ನಿಂತ್ರೆ ರಿಪೇರಿ ಮಾಡೋ ದಾರೀನೇ ಅದ್ರಲ್ಲಿಲ್ಲ.

ಅಸಲಿ ವಿಷಯ ಸ್ಪೀಡಲ್ಲ ಗುರು. ಎಎಫ್‌ಬಿ ಅನ್ನೋದು ಸ್ಪೀಡ್ ಹಿಡಿಯೋದು, ಬ್ರೇಕ್ ಹಾಕೋದು ಎರಡನ್ನೂ ತಾನೇ ಮಾಡಿದ್ರೆ ನಿಮಗೆ ಉಳಿಯೋದು ಸಿಫಾ (ಡ್ರೈವರ್ ಎಚ್ಚರ ಇದಾನೆ ಅಂತ ತೋರಿಸೋ) ಪೆಡಲ್ ಒತ್ತೋ ಕೆಲಸ ಮಾತ್ರ. ಎಎಫ್‌ಬಿ ಆಫ್ ಮಾಡಿ, ಎಲ್‌ಝಡ್‌ಬಿ ಆನ್ ಇರ್ಲಿ. ಹಡ್ (ಸ್ಕ್ರೀನ್ ಮೇಲೆ ಗೇಮ್ ತೋರಿಸೋ ಸ್ಪೀಡ್, ಮಾಹಿತಿ) ಪೂರ್ತಿ ತೆಗೀರಿ. ಇಷ್ಟನ್ನ ಎಲ್ಲರೂ ಹೇಳ್ತಾರೆ, ಇದೊಂದೇ ಸಾಲದು, ಎರಡು ದಿನಕ್ಕೆ ಅದೂ ಅಭ್ಯಾಸ ಆಗೋಗುತ್ತೆ. ಕೈಗೆ ಕೆಲಸ ಕೊಟ್ರೆ ಸಾಕಾಗಲ್ಲ, ತಲೆಗೂ ಕೊಡ್ಬೇಕು, ಅಂದ್ರೆ ಗಡಿಯಾರ.

ನಾನು ಹಿಡ್ಕೊಂಡಿದ್ದು ಟ್ರೇನ್ ಸಿಮ್ ವರ್ಲ್ಡ್ ಗೇಮಿನ ಕಾಸೆಲ್–ವುರ್ಟ್ಸ್‌ಬುರ್ಗ್ ರೂಟ್, ಜರ್ಮನಿಯದು, ಗಾಡಿ ಐಸಿಇ 1. ನಡುವೆ ಫುಲ್ಡಾ ಸ್ಟೇಷನ್, ಆ ಕಡೆ ಈ ಕಡೆ ತಲಾ ಹೆಚ್ಚುಕಮ್ಮಿ 90 ಕಿಮೀ. ಬರೀ ಟನಲ್ಲು ಸೇತುವೆ ಅಂತ ಇದನ್ನ ಬೈಯೋರೇ ಜಾಸ್ತಿ, ನನಗೆ ಆ ಟನಲ್‌ಗಳೇ ಬೇಕಿತ್ತು. ಪ್ರತಿ ಟನಲ್ ಬಾಯೀನೂ ಒಂದು ಟೈಮಿಂಗ್ ಪಾಯಿಂಟ್. ನೋಟ್‌ಬುಕ್ಕಲ್ಲಿ ಕೈಲೇ ಶೀಟ್ ಮಾಡ್ಕೊಂಡೆ, ಯಾವ ಟನಲ್ ಬಾಯಿ, ಎಷ್ಟು ಗಂಟೆಗೆ ಪಾಸ್ ಆಗ್ಬೇಕು, ನಾನು ಎಷ್ಟಕ್ಕೆ ಆದೆ. 250ರಲ್ಲಿ ಕಿಮೀಗೆ 14 ಸೆಕೆಂಡ್ ಚಿಲ್ಲರೆ, 200ರಲ್ಲಿ 18. ಫುಲ್ಡಾ ದಕ್ಷಿಣಕ್ಕಿರೋ ಲಾಂಡ್‌ರ್ಯೂಕನ್ ಟನಲ್ 10.8 ಕಿಮೀ ಹತ್ರ ಇದೆ, 250ರಲ್ಲಿ ಎರಡೂವರೆ ನಿಮಿಷ, 200ಕ್ಕೆ ಇಳಿಸ್ಕೊಂಡು ಹೋದ್ರೆ 40 ಸೆಕೆಂಡ್ ಹತ್ರ ಜಾಸ್ತಿ. ಒಳಗಿದ್ದಾಗ ಹೊರಗೆ ನೋಡಕ್ಕೆ ಏನೂ ಇಲ್ಲ, ಕೂತ್ಕೊಂಡು ಲೆಕ್ಕ ಹಾಕಕ್ಕೆ ಅದೇ ಒಳ್ಳೇ ಜಾಗ.

ಇನ್ನು ದಾಳ. ಹೊರಡೋ ಮುಂಚೆ ಒಂದ್ಸಲ ಹಾಕ್ತೀನಿ. ಒಂದು ಎರಡು ಬಿದ್ರೆ ಟೈಮಿಗೆ ಸರಿಯಾಗಿ ಹೊರಡೋದು. ಮೂರು ನಾಲ್ಕು ಬಿದ್ರೆ ಬಾಗಿಲು ಮುಚ್ಚಿದ್ಮೇಲೂ ಎರಡು ನಿಮಿಷ ಬೇಕಂತ್ಲೇ ನಿಂತ್ಕೊಂಡು ಲೇಟಾಗಿ ಹೊರಡೋದು. ಐದು ಆರು ಬಿದ್ರೆ ನಾನೇ ಒಂದು ಸ್ಪೀಡ್ ರಿಸ್ಟ್ರಿಕ್ಷನ್ ಹಾಕ್ಕೊಳ್ಳೋದು, ಇಂಥ ಕಿಮೀಯಿಂದ 5 ಕಿಮೀ ಉದ್ದಕ್ಕೂ ಸ್ಪೀಡ್ 160 ಮೀರಂಗಿಲ್ಲ ಅಂತ. ಗೇಮಿಗೆ ಇದು ಗೊತ್ತಿಲ್ಲ, ಎಲ್‌ಝಡ್‌ಬಿ 250 ಅಂತ್ಲೇ ತೋರಿಸ್ತಿರುತ್ತೆ, ಹಳಿ ಪಕ್ಕದ ಕಿಮೀ ಬೋರ್ಡ್ ನೋಡಿ ಬ್ರೇಕ್ ಹಾಕೋದು ಪೂರ್ತಿ ನಿಮ್ಮ ಜವಾಬ್ದಾರಿ. 12 ಬೋಗಿಯ ಐಸಿಇ 1 ಹತ್ರಹತ್ರ 360 ಮೀಟರ್ ಉದ್ದ, ಅಂದ್ರೆ ಮುಂದಿನ ಕ್ಯಾಬ್ ಆ 5 ಕಿಮೀ ಮುಗಿಯೋ ಬೋರ್ಡ್ ದಾಟಿದ್ಮೇಲೂ, ಬಾಲ ದಾಟೋವರೆಗೆ, 160ರಲ್ಲಿ ಎಂಟು ಸೆಕೆಂಡ್ ಎಣಿಸಿ ಆಮೇಲೇ ಪವರ್ ಕೊಡ್ಬೇಕು. ಆ ಎಂಟು ಸೆಕೆಂಡಲ್ಲಿ ಕೈ ಎಷ್ಟು ತುರಿಸುತ್ತೆ ಅಂತ ಮಾಡಿ ನೋಡಿದ್ರೇನೇ ಗೊತ್ತಾಗೋದು. ಇದೊಂದಕ್ಕೇ ಒಂದು ನಿಮಿಷದ ಮೇಲೆ ಹೋಗುತ್ತೆ, ಬ್ರೇಕು ಮತ್ತೆ ಸ್ಪೀಡ್ ಹತ್ತೋದು ಎಲ್ಲಾ ಸೇರಿಸಿ.

ಹೋದ ಟೈಮನ್ನ ವಾಪಸ್ ತರೋದು ಎಲ್ಲಿ? ಎಲ್ಲರೂ ಟಾಪ್ ಸ್ಪೀಡಲ್ಲಿ ಹುಡುಕ್ತಾರೆ. 90 ಕಿಮೀ ಪೂರ್ತಿ 250 ಬದಲು 280ರಲ್ಲಿ ಓಡಿಸಿದ್ರೂ ಉಳಿಯೋದು ಎರಡು ನಿಮಿಷದ ಮೇಲೆ ಸ್ವಲ್ಪ, ಅದೂ ಉದ್ದಕ್ಕೂ 280 ಎಲ್ಲಿ ಸಿಗುತ್ತೆ. ಸ್ಟೇಷನ್ ಹತ್ರ ಬ್ರೇಕ್ ಹಾಕೋದ್ರಲ್ಲೇ ಇದೆ ನೋಡಿ ಆಟ. 250ರಿಂದ ಮೆತ್ತಗೆ ಹಿಡೀತಾ ಬಂದ್ರೆ ಐದು ಕಿಮೀ ಹತ್ರ ಬೇಕು, ಸ್ವಲ್ಪ ಗಟ್ಟಿಯಾಗಿ ಹಿಡಿದ್ರೆ ಮೂರೂವರೆ, ಎರಡಕ್ಕೂ ಇಪ್ಪತ್ತು ಸೆಕೆಂಡ್ ವ್ಯತ್ಯಾಸ. ಎಲ್‌ಝಡ್‌ಬಿ ಕರ್ವ್, ಅಂದ್ರೆ ಬ್ರೇಕ್ ಹಾಕ್ತಾ ಬರುವಾಗ ಅದು ಇಡೋ ಸ್ಪೀಡ್ ಮಿತಿ, ಮೀರಂಗಿಲ್ಲ, ಮೀರಿದ್ರೆ ಅದೇ ಬ್ರೇಕ್ ಎಳೆಯುತ್ತೆ, ಆ ಟ್ರಿಪ್ ನನ್ನ ಪುಸ್ತಕದಲ್ಲಿ ಕ್ಯಾನ್ಸಲ್.

ಟೈಮಿಗೆ ಹೊರಟ ದಿನ ಉಲ್ಟಾ ಆಟ, ಪವರ್ ಉಳಿಸೋದು. ಈ ಲೈನಲ್ಲಿ ಏರು ಸಾವಿರ ಮೀಟರಿಗೆ 12.5 ಮೀಟರ್ ಮೇಲೆ ಹೋಗಲ್ಲ. ಅಂಥ ಏರಲ್ಲಿ 250ರಿಂದ ಪವರ್ ತೆಗೆದು ಐದು ಕಿಮೀ ಬಿಟ್ರೆ ಏರು ಒಂದೇ 35 ಕಿಮೀ ಸ್ಪೀಡ್ ತಿನ್ನುತ್ತೆ, ಗಾಳಿ ತಿನ್ನೋದು ಬೇರೆ. ಅಂಥದೇ ಇಳಿಜಾರಲ್ಲಿ ಪವರ್ ಬಿಟ್ರೆ ಸ್ಪೀಡ್ ಕಮ್ಮಿ ಆಗದೆ ಆರಾಮಾಗಿ ಉಳಿಯುತ್ತೆ. ಫುಲ್ಡಾಗೆ ಮುಂಚೆ ಯಾವ ಕಿಮೀಲಿ ನಾನು ಪವರ್ ಕಟ್ ಮಾಡ್ತೀನಿ ಅನ್ನೋದನ್ನ ಮಾತ್ರ ಹೇಳಲ್ಲ, ಅದನ್ನ ಹುಡುಕಕ್ಕೆ ನನಗೆ ತಿಂಗಳುಗಟ್ಟಲೆ ಹಿಡೀತು, ನೀವೂ ಹುಡುಕಿ. ಮೊನ್ನೆ ಮೊನ್ನೆ ರಿಸ್ಟ್ರಿಕ್ಷನ್ ಬಿದ್ದ ದಿನಾನೂ ಟೈಮ್‌ಟೇಬಲ್‌ಗೆ ಹತ್ತು ಸೆಕೆಂಡ್ ವ್ಯತ್ಯಾಸದ ಒಳಗೆ ಫುಲ್ಡಾ ಹಿಡ್ದಿದೀನಿ, ಗ್ರೂಪಲ್ಲಿ ಇನ್ನೂ ಯಾರೂ ಮುಟ್ಟಿಲ್ಲ.

ಬೇರೆ ಕಡೆನೂ ಟ್ರೈ ಮಾಡ್ದೆ. ಫ್ರಾನ್ಸಿನ ಮಾರ್ಸೆ–ಆವಿನ್ಯೋನ್ ರೂಟಲ್ಲಿ, ಅಲ್ಲಿನ ಹೈಸ್ಪೀಡ್ ರೈಲು ಟಿಜಿವಿಯಲ್ಲಿ, ಟನಲ್ ಬದಲು ಬ್ಲಾಕ್ (ಸಿಗ್ನಲ್ಲಿಗೆ ಅಂತ ಭಾಗ ಮಾಡಿದ ಹಳಿಯ ತುಂಡು) ಮಾರ್ಕರ್, ಆ ನೀಲಿ ಬೋರ್ಡ್ ಮೇಲಿನ ಹಳದಿ ತ್ರಿಕೋನ. ಒಂದು ಬ್ಲಾಕ್ ಒಂದೂವರೆ ಕಿಮೀ ಆಸುಪಾಸು ಅಂದ್ಕೊಂಡ್ರೆ 300ರಲ್ಲಿ 18 ಸೆಕೆಂಡಿಗೊಂದು ಬೋರ್ಡ್. ಟಿವಿಎಂ (ಅಲ್ಲಿನ ಕ್ಯಾಬ್ ಸಿಗ್ನಲ್) ತೋರಿಸೋ ಸ್ಪೀಡ್ ನಂಬರ್ ಮಿಣುಕಕ್ಕೆ ಶುರು ಮಾಡಿದ್ರೆ ಮುಂದಿನ ಬ್ಲಾಕಲ್ಲಿ ಸ್ಪೀಡ್ ಕಮ್ಮಿ ಅಂತ ಅರ್ಥ, ಅಲ್ಲಿಂದ ಲೆಕ್ಕ ಬದಲಾಗುತ್ತೆ. ಚೆನ್ನಾಗಿದೆ, ಆದ್ರೆ ಬೋರ್ಡ್ ಬೇಗ ಬೇಗ ಬರೋದ್ರಿಂದ ಬರ್ಕೊಳ್ಳಕ್ಕೆ ಟೈಮೇ ಸಿಗಲ್ಲ. ಲಂಡನ್ ಕಡೆ ಜಾವೆಲಿನ್ ಅನ್ನೋ ಹೈಸ್ಪೀಡ್ ರೈಲು 225 ಮಾತ್ರ, ಆದ್ರೂ ಎಬ್ಸ್‌ಫ್ಲೀಟ್ ಸ್ಟೇಷನ್ನಲ್ಲಿ ಕರೆಂಟನ್ನ ಓವರ್‌ಹೆಡ್ 25 ಕೆವಿಯಿಂದ ಹಳಿ ಪಕ್ಕದ 750 ವೋಲ್ಟ್ ಥರ್ಡ್ ರೈಲಿಗೆ ಬದಲಾಯಿಸೋದನ್ನ ನಿಲ್ಲೋ ಟೈಮೊಳಗೇ ಮುಗಿಸ್ಬೇಕು ಅಂತ ರೂಲ್ ಹಾಕ್ಕೊಂಡ್ರೆ ಬೆವರು ಬರುತ್ತೆ. ಹಳೇ ಗೇಮಿಂಗ್ ಪೆಡಲ್ ಒಂದನ್ನ ಸಿಫಾಗೆ ಜೋಡಿಸಿದ್ದೂ ಸಾರ್ಥಕ ಆಯ್ತು, ಬರೀವಾಗ ಕೈ ಫ್ರೀ ಇರುತ್ತೆ.

ಶುರು ಮಾಡೋರು ಮೊದಲ ಟ್ರಿಪ್ಪಲ್ಲಿ ದಾಳ ಮುಟ್ಬೇಡಿ. ಎಎಫ್‌ಬಿ ಆನ್ ಇಟ್ಟೇ ಒಂದ್ಸಲ ಓಡಿಸಿ ಟನಲ್ ಟೈಮ್‌ಗಳನ್ನ ಬರ್ಕೊಳ್ಳಿ, ಅದೇ ನಿಮ್ಮ ಶೀಟ್. ನನ್ನ ಶೀಟ್ ಕೇಳಿದ ಇಬ್ಬರಿಗೂ ಇದನ್ನೇ ಹೇಳಿದೀನಿ, ಕೊಟ್ಟಿಲ್ಲ.