ಲಗ್ನದ ಸೀಸನ್ನಿನಲ್ಲಿ ಕಣ್ಣು ಕಾಪಾಡಿಕೊಳ್ಳುವುದು

ಲಗ್ನಪತ್ರಿಕೆಯಲ್ಲಿ ಕಣ್ಣಿಗೆ ಜಾಸ್ತಿ ಕೆಲಸ ಕೊಡುವುದು ಕೊನೆಯಲ್ಲಿ ಬರುವ 'ಸುಖಾಗಮನ ಬಯಸುವವರು'. ಚಿಕ್ಕಪ್ಪ, ಸೋದರತ್ತೆ, ಮೊಮ್ಮಕ್ಕಳು ಎಲ್ಲ ಸೇರಿ ಮೂವತ್ತು ಹೆಸರು, ಅದೂ 8 ಪಾಯಿಂಟಿನ ಸಣ್ಣ ಅಕ್ಷರದಲ್ಲಿ. ಒಂದು ಒತ್ತಕ್ಷರ ತಪ್ಪಿದರೂ ಫೋನ್ ಬರುತ್ತದೆ. ಶಿವಮೊಗ್ಗದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ, ಮಾಡುವ ನನಗೆ ಸಂಜೆ ಹೊತ್ತಿಗೆ ಕಣ್ಣು ಭಾರವಾಗುವುದು, ಹಣೆ ಸಿಡಿಯುವುದು, ಮರಳು ಬಿದ್ದ ಹಾಗೆ ಚುಚ್ಚುವುದು ಎಲ್ಲ ಗೊತ್ತು. ಇದಕ್ಕೆ ಏನೇನು ಮಾಡಬಹುದು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಸೌತೆಕಾಯಿಯ ಮಾತಲ್ಲ. ರೆಪ್ಪೆ ಬಡಿಯಿರಿ.

ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕೂ ಕಡಿಮೆಯಾಗಬಹುದು. ಬಡಿದರೂ ಪೂರ್ತಿ ಮುಚ್ಚುವುದಿಲ್ಲ, ಅರ್ಧಕ್ಕೇ ಬಿಟ್ಟುಬಿಡುತ್ತೇವೆ. ಕಣ್ಣೀರಿನ ಪದರ ಆರಿ ಉರಿ ಶುರುವಾಗುವುದು ಹೀಗೆ. ಫೈಲ್ ಸೇವ್ ಆಗುವಾಗ, ಪ್ರಿಂಟ್ ಬರುವಾಗ ನಾನು ಬೇಕಂತಲೇ ಹತ್ತು ಸಲ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯುತ್ತೇನೆ. ಮೇಲಿನ ರೆಪ್ಪೆ ಕೆಳಗಿನದಕ್ಕೆ ತಾಗಬೇಕು, ಆದರೆ ಬಿಗಿಯಾಗಿ ಹಿಂಡಬಾರದು.

ಎರಡನೆಯದು ದೂರ ನೋಡುವುದು. ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಒಂದು ಸಣ್ಣ ಸ್ನಾಯು ಬಿಗಿ ಹಿಡಿದೇ ಇರುತ್ತದೆ. ದೂರ ನೋಡಿದರೆ ಅದು ಸಡಿಲವಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ್ದನ್ನು, ಇಪ್ಪತ್ತು ಸೆಕೆಂಡ್ ನೋಡಿ ಎನ್ನುತ್ತಾರೆ ಕಣ್ಣಿನ ಡಾಕ್ಟರರು. ನನಗೆ ರಸ್ತೆಯಾಚೆ ಟೈರ್ ಅಂಗಡಿಯ ಬೋರ್ಡ್ ಇದೆ, ಅದರ ಮೇಲೆ ಹೊಂಗೆ ಮರ. ಆ ಹೊತ್ತಿನಲ್ಲಿ ಮೊಬೈಲ್ ತೆಗೆದರೆ ಲೆಕ್ಕಕ್ಕಿಲ್ಲ, ಅದು ಇನ್ನೂ ಹತ್ತಿರ ಅಲ್ವಾ?

ಕೂರುವ ಜಾಗವನ್ನೂ ಒಮ್ಮೆ ನೋಡಿ. ಸ್ಕ್ರೀನ್ ಒಂದು ಕೈಯಳತೆ ದೂರ ಇರಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಗೋ ಇರಲಿ. ಕಣ್ಣು ಕೆಳಗೆ ನೋಡುತ್ತಿದ್ದರೆ ರೆಪ್ಪೆ ಅಷ್ಟು ಅಗಲವಾಗಿ ತೆರೆದಿರುವುದಿಲ್ಲ, ತೇವ ಬೇಗ ಆರುವುದಿಲ್ಲ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೇಡ. ಬೆಳಕು ಸರಿಯಿದೆಯಾ ಅಂತ ನೋಡಲು ಸ್ಕ್ರೀನಿನ ಪಕ್ಕ ಬಿಳಿ ಕಾಗದ ಹಿಡಿಯಿರಿ. ಸ್ಕ್ರೀನ್ ಲೈಟಿನ ಹಾಗೆ ಹೊಳೆದರೆ ಬ್ರೈಟ್‌ನೆಸ್ ತಗ್ಗಿಸಿ, ಕಾಗದಕ್ಕಿಂತ ಮಂಕಾಗಿದ್ದರೆ ಏರಿಸಿ. ಸಣ್ಣ ಅಕ್ಷರಕ್ಕೆ ಕುತ್ತಿಗೆ ಮುಂದೆ ಚಾಚಬೇಡಿ, ಝೂಮ್ ಮಾಡಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕುವ ಮುಂಚೆ ಯೋಚನೆ ಮಾಡಿ. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಕಣ್ಣಿನ ಆಯಾಸಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ.

ಈಗ ಮನೆಮದ್ದು. ನನಗೆ ನಿಜವಾಗಿ ಹಿಡಿಸಿದ್ದು ಬಿಸಿ ಬಟ್ಟೆ. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಎಣ್ಣೆಯ ಗ್ರಂಥಿಗಳಿವೆ. ಕಣ್ಣೀರಿನ ಮೇಲೆ ತೆಳ್ಳಗೆ ಹರಡುವ ಎಣ್ಣೆ ಅಲ್ಲಿಂದ ಬರುತ್ತದೆ. ಅದು ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾದರೆ ಹೊರಗೆ ಬರುವುದಿಲ್ಲ. ಹಳೆಯ ಮೆತ್ತನೆಯ ಪಂಚೆಯ ತುಂಡನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ. ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ, ಅಲ್ಲಿ ಹಿತವಾಗಿದ್ದರೆ ಮಾತ್ರ ಮುಚ್ಚಿದ ಕಣ್ಣಿಗೆ. ಬಟ್ಟೆ ಬೇಗ ತಣ್ಣಗಾಗುತ್ತದೆ, ಮತ್ತೆ ಮತ್ತೆ ಅದ್ದಬೇಕು. ಐದರಿಂದ ಹತ್ತು ನಿಮಿಷ ಸಾಕು. ಆಮೇಲೆ ತೊಳೆದ ಬೆರಳಲ್ಲಿ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಹಗುರಕ್ಕೆ ಸವರಿ. ತುರಿಕೆ, ಊತ ಇದ್ದರೆ ಬಿಸಿ ಬೇಡ, ತಣ್ಣೀರ ಬಟ್ಟೆ.

ನಮ್ಮ ದೊಡ್ಡಮ್ಮನದ್ದು ನಂದಿಬಟ್ಟಲು ಹೂವು. ಬೆಳಿಗ್ಗೆ ಕೊಯ್ದ ಹೂವನ್ನು ನೀರಲ್ಲಿ ಅದ್ದಿ, ಕಣ್ಣು ಮುಚ್ಚಿ ಮೇಲಿಟ್ಟುಕೊಂಡು ಮಲಗುತ್ತಾರೆ. ತಂಪಾಗುವುದು ನಿಜ. ನನ್ನ ಪ್ರಕಾರ ಅದರಲ್ಲಿ ಅರ್ಧ ಪಾಲು ಕಾಲು ಗಂಟೆ ಯಾರೂ ಕರೆಯದೆ ಮಲಗಿದ್ದರ ಫಲ. ಸೌತೆಕಾಯಿ ಬಿಲ್ಲೆಯದ್ದೂ ಇದೇ ಕತೆ. ಆದರೆ ನಂದಿಬಟ್ಟಲಿನ ತೊಟ್ಟು ಮುರಿದರೆ ಬಿಳಿ ಹಾಲು ಒಸರುತ್ತದೆ. ಅದು ಕಣ್ಣಿಗೆ ತಾಗಬಾರದು. ತೊಟ್ಟು ತೆಗೆದು, ಚೆನ್ನಾಗಿ ತೊಳೆದೇ ಇಡಿ.

ಹೊನಗನ್ನೆ ಸೊಪ್ಪು, ನುಗ್ಗೆ ಸೊಪ್ಪು, ಕ್ಯಾರೆಟ್ ತಿನ್ನಿ. ವಿಟಮಿನ್ ಎ ಕಣ್ಣಿಗೆ ಬೇಕೇ ಬೇಕು. ಆದರೆ ಮಧ್ಯಾಹ್ನ ಪಲ್ಯ ತಿಂದರೆ ಸಂಜೆಯ ಆಯಾಸ ಹೋಗುವುದಿಲ್ಲ.

ಮುಚ್ಚಿದ ಕಣ್ಣಿನ ಮೇಲೆ ಇಂಥವನ್ನು ಇಡಿ, ಒಳಗೆ ಮಾತ್ರ ಏನನ್ನೂ ಬಿಡಬೇಡಿ. ಜೇನುತುಪ್ಪ, ಎದೆಹಾಲು, ನಿಂಬೆರಸ, ಅಂಗಡಿಯ ಪನ್ನೀರು ಯಾವುದೂ ಬೇಡ, ಸೋಂಕು ಅಂಟಬಹುದು. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕುವುದು ಇನ್ನೂ ಅಪಾಯ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು. ತಟಕ್ಕನೆ ಮಂಜಾದರೆ, ಮಿಂಚು ಹೊಡೆದ ಹಾಗೆ ಕಂಡರೆ, ಲೈಟಿನ ಸುತ್ತ ಬಣ್ಣದ ಉಂಗುರ ಕಂಡರೆ, ಜೋರು ನೋವಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸಬೇಕು.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ಚಾಳೀಸು ಕನ್ನಡಕ ಸಾಮಾನ್ಯವಾಗಿ ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಮಾಡಿರುತ್ತಾರೆ. ಕಂಪ್ಯೂಟರ್ 60ರ ಆಸುಪಾಸಿನಲ್ಲಿ ಇರುತ್ತದೆ, ಹಾಗಾಗಿ ಆ ಕನ್ನಡಕ ಅದಕ್ಕೆ ಹೊಂದದಿರಬಹುದು. ಕಣ್ಣು ತೋರಿಸಲು ಹೋಗುವ ಮುಂಚೆ ನಿಮ್ಮ ಕುರ್ಚಿಯಲ್ಲಿ ಎಂದಿನಂತೆ ಕೂತು, ಮೂಗಿನಿಂದ ಸ್ಕ್ರೀನಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಯಾರ ಕೈಲಾದರೂ ಅಳೆಸಿ. ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರಿಗೆ ಕೊಡಿ.